ತಿರುಗಿಸುವ ಕಾರ್ಡ್ ಪ್ರಿಂಟ್ ಮಾಡಿಸೋ ಮುಂಚೆ ಕಾಗದದ ನಾರು ನೋಡಿಕೊಳ್ಳಿ

ಮಡಚಿ ತಿರುಗಿಸುತ್ತಾ ಹೋದರೆ ಒಳಗಿಂದ ಬೇರೆ ಬೇರೆ ಚಿತ್ರ ಬರುವ ಕಾರ್ಡ್ ಗೊತ್ತಲ್ವಾ? ಅದಕ್ಕೆ ಬೇಕಾದ ಪಟ್ಟಿಗಳನ್ನು ನಾವೇ ಪ್ರಿಂಟ್ ಮಾಡಿ, ಕತ್ತರಿಸಿ ಕಳಿಸ್ತೀವಿ, ನೀವು ಅಂಟಿಸಿದರೆ ಸಾಕು ಅಂದ ಒಬ್ಬರಿಗೆ ಆರ್ಡರ್ ಕೊಟ್ಟಿದ್ದೆ. ಬಂದದ್ದರಲ್ಲಿ ಹೆಚ್ಚಿನವು ಕಸದ ಬುಟ್ಟಿ ಸೇರಿದವು.

ನೋಡೋಕೆ ಚೆನ್ನಾಗಿಯೇ ಇದ್ದವು. ದಪ್ಪ ರಟ್ಟು, ಮೇಲೆ ಹೊಳೆಯುವ ಪದರ. ನಾಲ್ಕಾರು ಸಲ ತಿರುಗಿಸುವಷ್ಟರಲ್ಲಿ ಮಡಿಕೆಯ ಉದ್ದಕ್ಕೂ ಬಣ್ಣ ಎದ್ದು, ಒಳಗಿನ ಬಿಳಿ ಕಾಣಿಸಿತು. ವಿಚಿತ್ರ ಅಂದರೆ, ಪ್ರತಿ ಕಾರ್ಡಲ್ಲೂ ಬಿರಿದದ್ದು ಅಡ್ಡ ಪಟ್ಟಿಗಳು ಮಾತ್ರ. ಉದ್ದಕ್ಕೆ ನಿಂತ ಪಟ್ಟಿಗಳಿಗೆ ಏನೂ ಆಗಿರಲಿಲ್ಲ.

ಕಾರಣ ನಾರು. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ನಾರು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತದೆ. ಅದರ ಜೊತೆಗೇ ಮಡಚಿದರೆ ಮಡಿಕೆ ನೀಟಾಗಿ ಕೂರುತ್ತದೆ, ಅಡ್ಡ ಮಡಚಿದರೆ ಬಿರಿಯುತ್ತದೆ. ಈ ಕಾರ್ಡಿಗೆ ಬೇಕಾದ್ದು ನಾಲ್ಕು ಪಟ್ಟಿ. ಎರಡು ಉದ್ದಕ್ಕೆ, ಅವುಗಳ ಮೇಲೆ ಎರಡು ಅಡ್ಡಕ್ಕೆ. ನಾಲ್ಕರಲ್ಲೂ ಮಡಿಕೆ ಬರೋದು ಪಟ್ಟಿಯ ಅಗಲಕ್ಕೆ. ಹಾಗಾಗಿ ನಾಲ್ಕನ್ನೂ ಶೀಟಿನಲ್ಲಿ ಒಂದೇ ದಿಕ್ಕಿಗಿಟ್ಟು, ನಾರು ಅಗಲಕ್ಕೆ ಬರುವಂತೆ ಕತ್ತರಿಸಬೇಕು. ಇವರು ಎರಡನ್ನು ಉದ್ದಕ್ಕೆ, ಎರಡನ್ನು ಅಡ್ಡಕ್ಕೆ ಕತ್ತರಿಸಿದ್ದರು.

ಕೇಳಿದರೆ, "ನೀವು ಜೋರಾಗಿ ಮಡಚಿರಬೇಕು" ಅಂದರು. ಮಡಚೋಕೆ ಅಂತಲೇ ಮಾಡೋ ಕಾರ್ಡ್ ಸ್ವಾಮಿ ಅದು! ದುಡ್ಡೂ ವಾಪಸ್ ಬರಲಿಲ್ಲ.

ಅಂಟಿನ ಗುರುತೂ ತಪ್ಪು. 12 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಪಟ್ಟಿಗೆ ಎರಡೂ ತುದಿಯಿಂದ 3 ಸೆಂ.ಮೀ. ದೂರದಲ್ಲಿ ಮಡಿಕೆ. ಕಾರ್ಡಿನ ನಾಲ್ಕು ಹೊರಮೂಲೆಗಳಲ್ಲಿ 3 ಸೆಂ.ಮೀ. ಚೌಕದೊಳಗೆ ಮಾತ್ರ ಅಂಟು ಬೀಳಬೇಕು, ಅದೂ ಮಡಿಕೆಗೆ ತಾಗದ ಹಾಗೆ. ಇವರ ಗುರುತು ಮಡಿಕೆಯನ್ನೇ ದಾಟಿತ್ತು. ಹಾಗೆ ಅಂಟಿಸಿದ ಕಾರ್ಡ್ ತೆರೆಯುವುದೇ ಇಲ್ಲ.

ಆರ್ಡರ್ ಕೊಡೋ ಮುಂಚೆ ಅದೇ ಕಾಗದದ ಒಂದು ಖಾಲಿ ಶೀಟ್ ಕೇಳಿ. ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗಿದ ಕಡೆಯೇ ಮಡಿಕೆ ಬರಬೇಕು. ಹೊಳೆಯುವ ಪದರ ಬೇಡ. 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ) ರಟ್ಟು ಅಂದರೆ ಬೇಡ ಅನ್ನಿ, 160ರಿಂದ 200 ಧಾರಾಳ ಸಾಕು. ಇದೇ ಜಾತಿಯ ಫ್ಲೆಕ್ಸಾಗನ್ (ತಿರುಗಿಸಿದಂತೆ ಹೊಸ ಮುಖ ತೋರಿಸುವ ಕಾಗದದ ಆಟಿಕೆ) ಅನ್ನು 1939ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಸ್ಟೋನ್ ಅನ್ನೋ ವಿದ್ಯಾರ್ಥಿ ಮೊದಲು ಮಡಚಿದ್ದು, ಬರೆಯುವ ಹಾಳೆಯ ಅಂಚಿಂದ ಕತ್ತರಿಸಿ ಉಳಿದ ಚೂರು ಪಟ್ಟಿಗಳಲ್ಲಿ. ದಪ್ಪ ಜಾಸ್ತಿಯಾದಷ್ಟೂ ಒಳ್ಳೇದು ಅನ್ನೋದು ಮಾರೋರ ಮಾತು ಅಷ್ಟೇ.

ಸ್ಯಾಂಪಲ್ ಒಂದನ್ನು ಅಂಟಿಸಿ, ನಾಲ್ಕೂ ಚಿತ್ರ ಬಂದು ಮೊದಲನೆಯದು ಮತ್ತೆ ಕಾಣೋವರೆಗೂ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಅಲ್ಲಿವರೆಗೆ ಪೂರ್ತಿ ದುಡ್ಡು ಕೊಡಬೇಡಿ.