ಫೀ ಹೇಳುವ ಮೊದಲು ವಯಸ್ಸು ಕೇಳಿದ ಪಿಎಫ್ ಕನ್ಸಲ್ಟೆಂಟ್

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಂದೊಂದು ಖಡಕ್ ರೊಟ್ಟಿ ಕೇಂದ್ರ. ಎಂಟು ಜನ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಪಿಎಫ್ (ಭವಿಷ್ಯ ನಿಧಿ) ಕಡ್ಡಾಯ ಆಗೋದು 20 ಅಥವಾ ಹೆಚ್ಚು ಜನ ಇದ್ದರೆ. ಆದರೆ ದಿನವಿಡೀ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುವವರಿಗೆ ವಯಸ್ಸಾದ ಮೇಲೆ ಒಂದು ಆಧಾರ ಬೇಕು ಅಲ್ವಾ? ಮಾಲೀಕರೂ ಕೆಲಸದವರಲ್ಲಿ ಹೆಚ್ಚಿನವರೂ ಒಪ್ಪಿದರೆ ನಮ್ಮಂಥ ಸಣ್ಣ ಕೇಂದ್ರಗಳೂ ಸೇರಬಹುದು. ಅದಕ್ಕೇ ಕನ್ಸಲ್ಟೆಂಟ್ ಹುಡುಕಿದೆ.

ಕೆಲವರು ಫೋನಿನಲ್ಲೇ ಎಷ್ಟು ಜನ ಅಂತ ಕೇಳಿ, ಫೀ ಹೇಳಿ ಮುಗಿಸಿದರು. ಒಬ್ಬರು ಪಿಎಫ್ ಯಾಕೆ, ಪಾಲಿಸಿ ಮಾಡಿಸಿ ಎಂದು ಬೆನ್ನು ಹತ್ತಿದರು. ಕೊಪ್ಪಿಕರ ರಸ್ತೆಯ ಮಹಡಿ ಮೇಲಿನ ಈ ಸಣ್ಣ ಆಫೀಸಿನವರು ಮಾತ್ರ, "ಅಕ್ಕಾರ, ಮೊದಲ ಎಲ್ಲಾರ ವಯಸ್ಸು ಹೇಳ್ರಿ" ಅಂದರು. ಆ ಮಾತಿಗೇ ನಾನು ಇವರನ್ನು ಆರಿಸಿಕೊಂಡೆ.

ವಯಸ್ಸು ಯಾಕೆ ಅಂದರೆ, ಪಿಎಫ್ ಜೊತೆಗಿನ ತಿಂಗಳ ಪಿಂಚಣಿ ಸಿಗಬೇಕಾದರೆ 58 ತುಂಬುವ ಮೊದಲು 10 ವರ್ಷ ಸೇವೆ ಆಗಿರಬೇಕು. ಒಂದು ಹಾಳೆ ತೆಗೆದು ಲೆಕ್ಕ ಬರೆದು ತೋರಿಸಿದರು. 20ಕ್ಕಿಂತ ಕಡಿಮೆ ಜನ ಇದ್ದರೆ 10 ಪರ್ಸೆಂಟ್, ಅಂದರೆ ಪಗಾರ 15,000 ಇದ್ದರೆ ಕೆಲಸದವರಿಂದ 1,500. ನನ್ನಿಂದಲೂ 1,500, ಅದರಲ್ಲಿ 1,250 ಪಿಂಚಣಿಗೆ, ಉಳಿದ 250 ಪಿಎಫ್ ಖಾತೆಗೆ. ಇದರ ಮೇಲೆ ವಿಮೆಯದ್ದು ಅರ್ಧ ಪರ್ಸೆಂಟ್, ಆಡಳಿತ ಶುಲ್ಕ ಬೇರೆ. ನಮ್ಮಲ್ಲಿ 52 ದಾಟಿದ ಒಬ್ಬರಿದ್ದಾರೆ. ಅವರಿಗೆ ತಿಂಗಳ ಪಿಂಚಣಿ ಬರಲ್ಲ, ಬಿಡುವಾಗ ಸೇವೆಯ ವರ್ಷ ನೋಡಿ ಒಂದು ಗಂಟು ಸಿಗುತ್ತೆ, ಪಿಎಫ್ ದುಡ್ಡು ಬಡ್ಡಿ ಸಮೇತ ಬೇರೆ ಬರುತ್ತೆ ಎಂದು ಅವರನ್ನೇ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮುಚ್ಚಿಡಲಿಲ್ಲ. ಇದು ನನಗೆ ತುಂಬಾ ಹಿಡಿಸಿತು.

ಇನ್ನೊಬ್ಬರು ಮೊದಲು ಗಾರ್ಮೆಂಟ್ಸ್‌ನಲ್ಲಿದ್ದವರು. ಹಳೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಮರೆತೇ ಹೋಗಿತ್ತು. ಅದನ್ನು ಹುಡುಕಿ ತೆಗೆದು, ಅದೇ ನಂಬರಿನಲ್ಲಿ ಮುಂದುವರಿಸಿದರು. ಅಲ್ಲಿನ ದುಡ್ಡು ತೆಗೆದಿರಲಿಲ್ಲವಾದ್ದರಿಂದ ಆ ವರ್ಷಗಳೂ ಪಿಂಚಣಿ ಲೆಕ್ಕಕ್ಕೆ ಬಂದವು. ಹೊಸ ನಂಬರ್ ಮಾಡಿಸಿಬಿಟ್ಟಿದ್ದರೆ ಎರಡನ್ನೂ ಕೂಡಿಸಲು ಆಕೆ ಒದ್ದಾಡಬೇಕಿತ್ತು.

ಕೊರತೆಯೂ ಇದೆ. ಹಿಂದಿನ ತಿಂಗಳ ಪಿಎಫ್ ದುಡ್ಡಿನ ಚಲನ್ ಕಟ್ಟಲು ತಿಂಗಳ 15 ಕೊನೇ ದಿನ. ತಡವಾದರೆ ಬಡ್ಡಿ, ದಂಡ ಎರಡೂ ಮಾಲೀಕರ ತಲೆ ಮೇಲೆ. ಆ ಹೊತ್ತಿಗೇ ಇವರ ಫೋನ್ ಸಿಗಲ್ಲ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಬೇರೆ ಫೀ ಹಾಕಿದರು, ಅದನ್ನು ಮೊದಲೇ ಹೇಳಬೇಕಿತ್ತು. ನಾನೀಗ 10ನೇ ತಾರೀಖಿಗೇ ಪಗಾರದ ಪಟ್ಟಿ ಕಳಿಸಿ, ಚಲನ್ ಕಾಪಿ ಕೈಗೆ ಬರುವ ತನಕ ಬಿಡಲ್ಲ. ಕೆಲಸದವರಿಗೂ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡೋದು ಕಲಿಸಿದ್ದೇನೆ. ಯಾರ ಹತ್ತಿರ ಮಾಡಿಸಿದರೂ ಇಷ್ಟು ಮಾಡಿಕೊಳ್ಳಿ.

ಐದರಲ್ಲಿ ನಾಲ್ಕು ಸ್ಟಾರ್. ಹೋಗುವಾಗ ಪ್ರತಿಯೊಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ತಾರೀಖು ಎರಡೂ ಹೊಂದುತ್ತಾ ನೋಡಿಕೊಂಡೇ ಹೋಗಿ.