ಇಎಸ್‌ಯು ಲೋಕ್‌ಪೈಲಟ್ 5: ಮಾಮೂಲಿ ಡಿಸಿ ಹಳಿಯ ಮೇಲೆ ಆಮೆಗತಿ

ಮಾದರಿ ರೈಲಿನ ಇಡೀ ಲೇಔಟನ್ನು ಡಿಜಿಟಲ್ ಮಾಡುವ ಇರಾದೆ ಇಲ್ಲದಿದ್ದರೂ ಎಚ್‌ಒ (1:87) ಅಳತೆಯ ಶಂಟಿಂಗ್ ಎಂಜಿನ್ನಿಗೆ, ಅಂದರೆ ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಸರಿಸಿ ಜೋಡಿಸುವ ಎಂಜಿನ್ನಿಗೆ, ಡಿಕೋಡರ್ (ಮೋಟರನ್ನು ನಿಯಂತ್ರಿಸುವ ಪುಟ್ಟ ಸರ್ಕ್ಯೂಟ್) ಹಾಕುವುದು ಲಾಭದ ಕೆಲಸ. ಇಎಸ್‌ಯು ಕಂಪನಿಯ ಲೋಕ್‌ಪೈಲಟ್ 5 ಡಿಕೋಡರನ್ನು ಬರೀ ಡಿಸಿಯಲ್ಲೇ (ನಾಬ್ ತಿರುಗಿಸಿ ಹಳಿಯ ವೋಲ್ಟೇಜ್ ಏರಿಳಿಸುವ ಮಾಮೂಲಿ ಪದ್ಧತಿ) ಬಹಳ ಕಾಲ ಓಡಿಸಿದ ಮೇಲೆ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಡಿಕೋಡರ್ ಇಲ್ಲದೆ ಡಿಸಿಯಲ್ಲಿ ತೆವಳುವ ವೇಗಕ್ಕೆ ಮೋಟರಿಗೆ ಸಿಗುವುದು ಎರಡು ಮೂರು ವೋಲ್ಟ್ ಅಷ್ಟೆ. ಗೇರು ಒಂದಿಷ್ಟು ಬಿಗಿಯಿದ್ದರೂ ಸಾಕು, ಎಂಜಿನ್ ನಿಂತುಬಿಡುತ್ತದೆ. ನಾಬ್ ತಿರುಗಿಸಿದರೆ ಜಿಗಿಯುತ್ತದೆ. ಡಿಕೋಡರ್ ಹಳಿಯ ವೋಲ್ಟೇಜನ್ನು ಪಲ್ಸ್‌ಗಳಾಗಿ ಕತ್ತರಿಸಿ ಮೋಟರಿಗೆ ಕೊಡುತ್ತದೆ. ನಡುವಿನ ಬಿಡುವಿನಲ್ಲಿ ತಿರುಗುವ ಮೋಟರ್ ತನ್ನ ವೇಗಕ್ಕೆ ತಕ್ಕಂತೆ ಹುಟ್ಟಿಸುವ ವೋಲ್ಟೇಜನ್ನು (ಬ್ಯಾಕ್ ಇಎಂಎಫ್) ಅಳೆದು, ವೇಗ ಕುಸಿದಿದ್ದರೆ ಮುಂದಿನ ಪಲ್ಸನ್ನು ಅಗಲ ಮಾಡುತ್ತದೆ. ವ್ಯಾಗನ್ನಿಗೆ ತಾಗುವಾಗಲೂ ನಡೆ ತಪ್ಪುವುದಿಲ್ಲ. ಎಂಜಿನ್ ಕದಲುವ ಹೊತ್ತಿಗೆ ಹಳಿಯಲ್ಲಿ ಆಗಲೇ ಸುಮಾರು ಆರೇಳು ವೋಲ್ಟ್ ಇರುವುದರಿಂದ ಕೊಳೆಯಿದ್ದಲ್ಲಿಯೂ ಸಂಪರ್ಕ ಅಷ್ಟು ಬೇಗ ಕಡಿಯುವುದಿಲ್ಲ. ನನ್ನ ಮಟ್ಟಿಗೆ ಅರ್ಧ ಲಾಭ ಇದರಲ್ಲೇ ಇದೆ.

ಎಂಟು ಪಿನ್ನಿನ ಸಾಕೆಟ್ ಇದ್ದರೆ ಅದರಲ್ಲಿರುವ ಡಮ್ಮಿ ಪ್ಲಗ್ ಕಿತ್ತು, ಕಿತ್ತಳೆ ವೈರ್ 1ನೇ ಪಿನ್ನಿಗೆ ಬರುವಂತೆ ಡಿಕೋಡರ್ ಚುಚ್ಚಿದರೆ ಆಯಿತು. ಸಾಕೆಟ್ ಇಲ್ಲದ ಹಳೆಯ ಎಂಜಿನ್ನಿನಲ್ಲಿ ಕೆಂಪು ವೈರ್ ಬಲ ಹಳಿಯಿಂದ ಕರೆಂಟ್ ಎತ್ತುವ ಪಿಕಪ್ಪಿಗೆ, ಕಪ್ಪು ಎಡ ಹಳಿಯದಕ್ಕೆ, ಕಿತ್ತಳೆ ಮತ್ತು ಬೂದು ಬಣ್ಣದವು ಮೋಟರಿಗೆ. ಮೋಟರಿನ ಎರಡೂ ತುದಿ ಚಾಸಿಯಿಂದ ಪೂರ್ತಿ ಬೇರೆಯಾಗಿರಲೇಬೇಕು. ಒಂದು ಎಳೆ ತಾಗಿದರೂ ಡಿಕೋಡರ್ ಸುಟ್ಟುಹೋಗಬಹುದು. ಬೆಸುಗೆಗೆ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. ಮೋಟರಿಗೆ ಅಡ್ಡಲಾಗಿ ಕೂತ ಪುಟ್ಟ ಕೆಪ್ಯಾಸಿಟರನ್ನೂ ತೆಗೆಯಿರಿ, ಅದು ಬ್ಯಾಕ್ ಇಎಂಎಫ್ ಅಳತೆಯನ್ನು ಕೆಡಿಸುತ್ತದೆ.

ಸೆಟ್ಟಿಂಗಿಗೆ ಒಮ್ಮೆಯಾದರೂ ಡಿಸಿಸಿ (ಡಿಜಿಟಲ್ ನಿಯಂತ್ರಣದ) ಸಿಸ್ಟಮ್ ಬೇಕು, ಗೆಳೆಯರಲ್ಲಿ ಎರವಲು ಪಡೆದರೂ ಸಾಕು. ಡಿಕೋಡರಿನ ಒಂದೊಂದು ಸೆಟ್ಟಿಂಗಿಗೂ ಸಿವಿ ಎಂಬ ಸಂಖ್ಯೆಯಿದೆ. ಸಿವಿ 29ರಲ್ಲಿ 4 ಬೆಲೆಯ ಬಿಟ್ ಆನ್ ಇರಬೇಕು, ಇಲ್ಲವಾದರೆ ಡಿಸಿಯಲ್ಲಿ ಎಂಜಿನ್ ಅಲ್ಲಾಡುವುದೇ ಇಲ್ಲ. ಎಂಜಿನ್ನಿನ ಡಿಜಿಟಲ್ ವಿಳಾಸ ಚಿಕ್ಕದಾಗಿದ್ದು, ವೇಗದ ಸ್ಟೆಪ್ 28 ಇದ್ದರೆ ಅದಕ್ಕೆ 6 ಬರೆಯಿರಿ. ಮೋಟರಿಗೆ ಹೊಂದಿಸಲು ಸಿವಿ 54ಕ್ಕೆ 0 ಬರೆದು ಡಿಸಿಸಿ ಸಿಸ್ಟಮ್ಮಿನ ಎಫ್1 ಗುಂಡಿ ಒತ್ತಿ. ಎಂಜಿನ್ ಒಂದು ಕ್ಷಣ ಪೂರ್ತಿ ವೇಗದಲ್ಲಿ ನುಗ್ಗುತ್ತದೆ, ಮುಂದೆ ಹಳಿ ಖಾಲಿ ಇರಲಿ. ಡಿಸಿಯಲ್ಲಿ ಹೊರಡುವ ವೋಲ್ಟೇಜ್ ಸಿವಿ 125ರಲ್ಲಿ, ಗರಿಷ್ಠ ವೇಗದ್ದು 126ರಲ್ಲಿ. ಇವೆರಡರ ಅಂತರ ಹೆಚ್ಚಿದಷ್ಟೂ ನಾಬ್ ಹಿಡಿತಕ್ಕೆ ಬರುತ್ತದೆ.

ಮಿತಿಗಳೂ ಇವೆ. ನಾಬ್ ಸುಮಾರು ಅರ್ಧ ತಿರುಗುವ ತನಕ ಏನೂ ಆಗುವುದಿಲ್ಲ, ತುದಿಯ ವೇಗವೂ ತುಸು ತಗ್ಗುತ್ತದೆ. ಪಲ್ಸ್ ಕೊಡುವ ಅಥವಾ ಫೀಡ್‌ಬ್ಯಾಕ್ ಇರುವ ಕಂಟ್ರೋಲರ್ ಇದಕ್ಕೆ ಸಲ್ಲದು. ಎರಡು ಪಲ್ಸುಗಳ ಜಗಳದಲ್ಲಿ ಎಂಜಿನ್ ತಡವರಿಸುತ್ತದೆ, ಡಿಕೋಡರ್ ಕೆಡಲೂಬಹುದು. ಏರಿಳಿತವಿಲ್ಲದ ಶುದ್ಧ ಡಿಸಿ ಕೊಡುವ ಕಂಟ್ರೋಲರನ್ನೇ ಬಳಸಿ. ಡಿಕೋಡರ್ ಇಲ್ಲದ ಎಂಜಿನ್ನಿನ ಜೊತೆ ಜೋಡಿ ಕಟ್ಟಬೇಡಿ: ಅದು ಮೂರು ವೋಲ್ಟಿಗೇ ಹೊರಟು ಇದನ್ನು ದರದರ ಎಳೆಯುತ್ತದೆ. ಕರೆಂಟ್ ಕಡಿದ ಸೆಕ್ಷನ್ನಿನಲ್ಲಿ ಸಿವಿ 4 (ನಿಲ್ಲುವಾಗ ವೇಗ ಇಳಿಸುವ ಸೆಟ್ಟಿಂಗ್) ಎಷ್ಟೇ ಇಟ್ಟರೂ ನಯವಾಗಿ ನಿಲ್ಲುವುದಿಲ್ಲ, ಏಕೆಂದರೆ ಡಿಕೋಡರಿಗೇ ಅಲ್ಲಿ ಉಸಿರಿಲ್ಲ.

ಎಕ್ಸ್‌ಪ್ರೆಸ್ ಎಂಜಿನ್ನಿಗೆ ಇಷ್ಟು ಹಣ ಸುರಿಯುವ ಅಗತ್ಯ ಕಾಣೆ. ಯಾರ್ಡಿನಲ್ಲಿ ದುಡಿಯುವ ಎಂಜಿನ್ನಿಗೆ ಖಂಡಿತ ಹಾಕಿಸಿ, ಆದರೆ ಮೊದಲು ಚಕ್ರ, ಪಿಕಪ್ ಒರೆಸಿ ಗೇರು ಸಲೀಸಾಗಿ ತಿರುಗುತ್ತದೆಯೇ ನೋಡಿಕೊಳ್ಳಿ. ಸೀಳಿದ ಗೇರನ್ನು ಯಾವ ಡಿಕೋಡರೂ ಸರಿಮಾಡದು.