ಬೈಗುಳ ತಡೆಯುವ ಫಿಲ್ಟರ್: ಕನ್ನಡಕ್ಕೆ ಎಷ್ಟು ಉಪಯೋಗ?

ಕೆಟ್ಟ ಮಾತಿರುವ ಕಾಮೆಂಟನ್ನು ತಾನೇ ಮುಚ್ಚಿಡುವ ಪದಪಟ್ಟಿ ಫಿಲ್ಟರ್ ಈಗ ಅನೇಕ ಜಾಲತಾಣಗಳಲ್ಲಿ ಪುಕ್ಕಟೆ ಸಿಗುತ್ತದೆ. ಪಟ್ಟಿಗೆ ಪದ ಸೇರಿಸುವುದು ಸುಲಭ, ತಾಪತ್ರಯ ಶುರುವಾಗುವುದು ಆಮೇಲೆ.

ಪೂರ್ತಿ ಪದ ಮಾತ್ರ ಹಿಡಿಯುವಂತೆ ಇಟ್ಟರೆ 'ಬೋಳಿಮಗ' ಸಿಕ್ಕಿಬೀಳುತ್ತದೆ, 'ಬೋಳಿಮಗನಿಗೆ' ನುಸುಳುತ್ತದೆ. ಪ್ರತ್ಯಯ ಅಂಟಿದರೆ ಯಂತ್ರಕ್ಕೆ ಅದು ಬೇರೆ ಪದ. ಹಾಗಂತ 'ಬೋಳಿ' ಎಂಬ ತುಣುಕನ್ನೇ ಹಾಕಿದರೆ ತಿರುಪತಿಯಲ್ಲಿ ತಲೆ ಬೋಳಿಸಿಕೊಂಡವರ ಕಾಮೆಂಟೂ ಮಾಯ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲಾಗದ್ದಕ್ಕೂ ಇದೇ ಕಾರಣ: ಊರ ಹೆಸರಿನ ನಡುವೆ ಒಂದು ಅಶ್ಲೀಲ ಪದ ಅಡಗಿತ್ತು. 'ಬೋಳಿಮಗ', 'ಬೋಳಿಮಕ್ಕ' ಎಂದು ಎರಡು ತುಣುಕು ಹಾಕುವುದೇ ವಾಸಿ. ಎಳೆದು ಬೈಯುವವರಿಗಾಗಿ 'ಬೋಳೀ' ರೂಪಗಳನ್ನೂ ಸೇರಿಸಿ.

ಇನ್ನು ಯೂನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೆ ಕೊಟ್ಟಿರುವ ಸಂಕೇತಗಳ ಪದ್ಧತಿ. 'ೊ' ಒಂದೇ ಸಂಕೇತವಾಗಿಯೂ ಇರಬಹುದು, 'ೆ' ಮತ್ತು 'ೂ' ಎರಡನ್ನು ಜೋಡಿಸಿದ್ದೂ ಇರಬಹುದು. ಕಣ್ಣಿಗೆ ಒಂದೇ, ಫಿಲ್ಟರಿಗೆ ಬೇರೆ. ಸ್ವಂತ ಜಾಲತಾಣವಾದರೆ ಹೋಲಿಸುವ ಮೊದಲು ಇಂಥ ಜೋಡಿಗಳನ್ನು ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಮಾಡಿ. ಅಕ್ಷರಗಳ ನಡುವೆ ಕೂರುವ ಕಾಣದ ಶೂನ್ಯ ಅಗಲದ ಚಿಹ್ನೆಗಳು ಅದರಿಂದ ಹೋಗುವುದಿಲ್ಲ, ಅವನ್ನು ಬೇರೆಯಾಗಿ ಅಳಿಸಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೈಗುಳಕ್ಕೆ ಕಾಗುಣಿತವೇ ಇಲ್ಲ, ಒಂದೊಂದಕ್ಕೆ ಐದಾರು ರೂಪ ಕೊಡಬೇಕಾಗುತ್ತದೆ.

ಇಷ್ಟೆಲ್ಲ ಸರಿಪಡಿಸಿದರೂ ದೊಡ್ಡ ಕೊರತೆ ಉಳಿಯುತ್ತದೆ. ಗೆಳೆಯರ ನಡುವೆ 'ಲೋ ಬೋಳಿಮಗನೇ, ಎಲ್ಲೋ ಇದ್ದೆ' ಅನ್ನುವುದು ಸಲಿಗೆ. ಫಿಲ್ಟರ್ ಅದನ್ನು ಮುಚ್ಚುತ್ತದೆ. 'ನಿನ್ನ ವಂಶ ನಿರ್ವಂಶವಾಗಲಿ', 'ನಿನ್ನ ಬಾಯಿಗೆ ಮಣ್ಣು ಹಾಕ' ಎಂಬ ಶಾಪಗಳಲ್ಲಿ ಒಂದೂ ಹೊಲಸು ಪದವಿಲ್ಲ, ಸಲೀಸಾಗಿ ದಾಟುತ್ತವೆ. 'ತಾವು ತಮ್ಮ ಜಾತಿಯ ಬುದ್ಧಿ ತೋರಿಸಿದಿರಿ' ಎಂಬ ಬಹುವಚನದ ಅವಮಾನವೂ ಹಾಗೆಯೇ, ಅದು ಎಲ್ಲಕ್ಕಿಂತ ವಿಷ. ಇನ್ನು 'ಬೋಳಿ', 'ಮುಂಡೆ' ಎಂದರೆ ವಿಧವೆ. 'ಬೋಳಿಮಗ' ಎಂದು ಬೈಸಿಕೊಳ್ಳುವವನು ಗಂಡಸು, ಕೀಳಾಗುವವಳು ಅವನ ತಾಯಿ. ಬೈಗುಳವನ್ನು ಪಟ್ಟಿಯಿಂದ ಅಳೆಯುವ ಸಾಧನಕ್ಕೆ ಈ ಲೆಕ್ಕ ತಿಳಿಯದು.

ದಿನಕ್ಕೆ ನೂರಾರು ಕಾಮೆಂಟು ಬರುವ ಪುಟಕ್ಕೆ ಮೊದಲ ಜರಡಿಯಾಗಿ ತೆಗೆದುಕೊಳ್ಳಬಹುದು, ಐದರಲ್ಲಿ ಎರಡೂವರೆ ಅಂಕ. 'ಅಳಿಸು' ಬದಲು 'ಪರಿಶೀಲನೆಗೆ ತಡೆಹಿಡಿ' ಆಯ್ಕೆಯನ್ನೇ ಇಡಿ, ಸಿಕ್ಕಿಬಿದ್ದ ಮಾತನ್ನು ಕನ್ನಡ ಬಲ್ಲ ಒಬ್ಬರು ಓದಲಿ. ಸಣ್ಣ ಗುಂಪಿಗೆ ಇದರ ಗೊಡವೆಯೇ ಬೇಡ.